ಬುರ್ಕಿನಾ ಫಾಸೊಗೆ ನಾನು ಕೊಟ್ಟ ಬೆಟ್ಟಗಳು

ಜಪಾನಿನ ಫುನಾಬೊರಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಮಗಳ ಪಾಲಿಗೆ ಬುರ್ಕಿನಾ ಫಾಸೊ ಬಂತು. ಆ ದೇಶದ ನೆಲದ ಮಾದರಿ ಮಾಡಿ, ಪೋಷಕರೆಲ್ಲ ಬರುವ ದಿನ ಮುಂದೆ ನಿಂತು ವಿವರಿಸಬೇಕು. ತರಗತಿಯಲ್ಲಿ ಒಮ್ಮೆಯೂ ಬಾಯಿ ಬಿಡದ ಹುಡುಗಿ ಅಂದು ಮಾತಾಡುತ್ತಾಳೋ ಇಲ್ಲವೋ ಎಂಬುದೇ ನಮ್ಮ ಚಿಂತೆ.

ಮಗುವೇ ಮಾಡಲಿ, ದೊಡ್ಡವರು ಕೈಹಾಕಬೇಡಿ ಎಂದು ಚೀಟಿ ಬಂದಿತ್ತು. ಬೆಂಗಳೂರಿನಲ್ಲಿ ಓದಿದವನಿಗೆ ಅಂಥ ಚೀಟಿಯ ಅರ್ಥ ತಿಳಿಯದೇ? ಚೆನ್ನಾಗಿ ಮಾಡಿಕೊಡಿ ಎಂದು. ನನ್ನ ಹೈಸ್ಕೂಲಿನ ಜ್ವಾಲಾಮುಖಿ ಪೂರ್ತಿ ಅಪ್ಪನದು, ಬಹುಮಾನ ಮಾತ್ರ ನನ್ನದು.

ಅವಳು ಹಲಗೆಯ ಮೇಲೆ ಕೆಂಪು ಜೇಡಿಮಣ್ಣನ್ನು ಚಪಾತಿಯಂತೆ ಲಟ್ಟಿಸಿ, ಬೆರಳಿನಿಂದ ಮೂರು ನದಿ ಗೀರಿ, ಮುಗಿಯಿತು ಎಂದಳು.

"ಬೆಟ್ಟ ಎಲ್ಲಮ್ಮಾ?"

"ಫ್ಲ್ಯಾಟ್ ಅಪ್ಪಾ. ಆಲ್ಮೋಸ್ಟ್ ಎಲ್ಲಾ ಫ್ಲ್ಯಾಟ್."

ಹುಡುಕಿ ನೋಡಿದೆ. ನಿಜ. ನಮ್ಮ ಬೆಂಗಳೂರಿನ ಬಸ್‌ಸ್ಟ್ಯಾಂಡು ಆ ದೇಶದ ಅತಿ ಎತ್ತರದ ಶಿಖರಕ್ಕಿಂತ ಮೇಲಿದೆ. ಸುತ್ತ ಆರು ದೇಶಗಳು, ಒಂದು ಹನಿ ಸಮುದ್ರವಿಲ್ಲ. ನದಿಗಳಲ್ಲೂ ಕೆಲವು ಬೇಸಿಗೆಯಲ್ಲಿ ಒಣಗುತ್ತವಂತೆ. ಬಹುಮಾನ ತರುವ ಲಕ್ಷಣವೇ ಇಲ್ಲದ ಭೂಗೋಳ! ಅಷ್ಟರಲ್ಲಿ ಕೆಳಮಹಡಿಯ ಮೈಸೂರಿನವರ ಮಗನಿಗೆ ನೇಪಾಳ ಸಿಕ್ಕಿದೆ, ಅವನ ಅಮ್ಮ ಥರ್ಮಾಕೋಲ್ ಕೆತ್ತುತ್ತಿದ್ದಾರೆ ಎಂಬ ಸುದ್ದಿ ಬಂತು. ನನಗೆ ತಡೆಯಲಾಗಲಿಲ್ಲ.

ಭಾನುವಾರವೆಲ್ಲ ಕೂತು ಅವಳ ಮಣ್ಣಿನ ಮೇಲೆಯೇ ಬೆಟ್ಟಸಾಲು ಎಬ್ಬಿಸಿದೆ. ನದಿಗಳಿಗೆ ವರ್ಷವಿಡೀ ಸಾಲುವಷ್ಟು ನೀಲಿ ಸುರಿದೆ. ತುದಿಗಳಿಗೆ ಒಂದಿಷ್ಟು ಹಿಮವನ್ನೂ ಬಳಿದೆ.

ಹೆಂಡತಿ ಇಣುಕಿ ನೋಡಿದಳು. "ಹಿಮ ಬೇರೆ! ಅಲ್ಲಿನೋರಿಗೆ ಸ್ವೆಟರ್ರೂ ಕಳ್ಸಿಬಿಡಿ ರೀ."

ಮಗಳು ಏನೂ ಅನ್ನಲಿಲ್ಲ. ಅದನ್ನು ಒಪ್ಪಿಗೆ ಎಂದುಕೊಂಡೆ.

ಶಾಲೆಯಲ್ಲಿ ಆ ದಿನ ಮಾದರಿಯನ್ನು ನೋಡಿ ಪೋಷಕರೆಲ್ಲ ಬೆರಗಾದರು. ನಾನು ಉಬ್ಬಿದೆ. ಇದನ್ನು ನೀನೇ ಮಾಡಿದೆಯಾ ಎಂದು ಟೀಚರ್ ಮೆತ್ತಗೆ ಕೇಳಿದರು. ಮಗಳು ನನ್ನ ಕಡೆ ಒಮ್ಮೆ ನೋಡಿ, ಜಪಾನೀಯಲ್ಲಿ ಸ್ಪಷ್ಟವಾಗಿ ಹೇಳಿದಳು:

"ಇಲ್ಲ, ಅಪ್ಪ ಮಾಡಿದ್ದು. ಅಲ್ಲಿ ಹಿಮ ಬೀಳುವುದಿಲ್ಲ. ಇಂಥ ಬೆಟ್ಟಗಳೂ ಇಲ್ಲ. ನಾನು ಮಾಡಿದ್ದು ಇದರ ಕೆಳಗಿದೆ."

ಆಮೇಲೆ ನನ್ನ ಬೆಟ್ಟಗಳನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕಿಟ್ಟು, ಬೋಳು ನೆಲದ ಮೇಲೆ ಬೆರಳಿಟ್ಟು ವಿವರಿಸತೊಡಗಿದಳು. ನಾನು ಅಕ್ಕಪಕ್ಕದವರಿಗೆಲ್ಲ ಸುಮಿಮಾಸೆನ್, ಕ್ಷಮಿಸಿ ಎನ್ನುತ್ತ ಬಗ್ಗಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳ ದನಿ ಮಾತ್ರ ಕೊನೆಯ ಸಾಲಿನವರೆಗೂ ಕೇಳುತ್ತಿತ್ತು.