ತಾತ ಹೊಲ ಸೋತ ವರ್ಷತೊಡಕು

ಬಿಸಿ ಮಾಡಿದ ಹರಳೆಣ್ಣೆಯ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ತಾಕಿದರೆ ಸಾಕು, ನನ್ನ ವಯಸ್ಸೆಲ್ಲ ಜಾರಿಹೋಗಿ ಹುಣಸೂರಿನ ನಮ್ಮ ಮನೆಯ ಹಜಾರದಲ್ಲಿ ಕಾಲು ಚಾಚಿ ಕುಳಿತುಬಿಡುತ್ತೇನೆ. ಹನಗೋಡಿನ ದಾರಿಗೆ ಮುಖ ಮಾಡಿದ್ದ ನಾಡಹೆಂಚಿನ ಮನೆ ಅದು. ಅಲ್ಲಿ ಹರಳೆಣ್ಣೆಗೆ ಹಕ್ಕುದಾರರು ಬಹಳ. ನಮ್ಮ ತಲೆಗೆ ಒತ್ತಲು ಅಜ್ಜಿಗೆ ಬೇಕು, ಗಾಡಿಯ ಅಚ್ಚಿಗೆ ಹಾಕಲು ತಾತನಿಗೆ ಬೇಕು, ಹಾಕಿ ಆಟದ ಕೋಲಿಗೆ ಉಜ್ಜಲು ಮಾದ ಚಿಕ್ಕಪ್ಪನಿಗೆ ಬೇಕು. ಅವನು ಕೋಲನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹಸುಗೂಸಿಗೆ ಎಣ್ಣೆ ನೀವುವ ಹಾಗೆ ನೀವುತ್ತಿದ್ದ. "ಎಂಡ್ತಿ ತಲೆಗೆ ಎಣ್ಣೆ ಒತ್ತೋ ವಯಸ್ಸಲ್ಲಿ ದೊಣ್ಣೆಗೆ ಒತ್ತುತಾ ಕುಂತವ್ನೆ ನೋಡು" ಎಂದು ಅಜ್ಜಿ ಗೊಣಗುವಳು, ಗೊಣಗುತ್ತಲೇ ಬಟ್ಟಲಿಗೆ ಇನ್ನಷ್ಟು ಸುರಿಯುವಳು. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಚಿಕ್ಕಪ್ಪ ಇದ್ದಿರಬೇಕು. ಬೈಸಿಕೊಳ್ಳುತ್ತಲೇ ಎಲ್ಲರ ಮುದ್ದು ಗಳಿಸಿದವನು.

ಮಹಾರಾಜರ ಕಾಲ. ಮೈಸೂರಿಗೆ ಹೋಗಿ ಬಂದ ಹುಡುಗರು ಹಾಕಿಯನ್ನು ಊರಿಗೆ ತಂದಿದ್ದರು. ಚಿಕ್ಕಪ್ಪನೂ, ಎತ್ತಿನ ಕೊರಳಪಟ್ಟಿ ಹೊಲಿಯುವ ಸಾಬರ ಮಗ ರಹೀಮನೂ ಸೇರಿ ಒಂದು ಕ್ಲಬ್ ಕಟ್ಟಿದರು. ಆಡುವುದಕ್ಕೆ ಜಾಗ ಮಾತ್ರ ಇರಲಿಲ್ಲ. ನಮ್ಮ ಮನೆಯ ಹಿಂದಿನ ಬೀಳು ಹೊಲವನ್ನು ಅಜ್ಜಿಯ ಕಾಟಕ್ಕೆ ತಾತ ಬಿಟ್ಟುಕೊಟ್ಟಿದ್ದರು. ಆದರೆ ಕೃಷ್ಣರಾಜನಗರದವರು (ಊರಿನ ಹಳೆಯ ಹೆಸರು ಬಿಡದ ತಾತನ ಬಾಯಲ್ಲಿ ಅವರು ಕೊನೆಯವರೆಗೂ ಎಡತೊರೆಯವರೇ) ಪ್ರತಿವರ್ಷ ಬಂದು ನಮ್ಮವರನ್ನು ಸೋಲಿಸಿ ಹೋಗುತ್ತಿದ್ದರು. ಆ ವರ್ಷ ತಾತ ಜಗಲಿಯ ಮೇಲೆ ಹತ್ತು ಜನರೆದುರು ಹೇಳಿಬಿಟ್ಟರು: "ನೋಡ್ಲಾ ಮಾದ, ಸೋಲೋರ್ಗೆ ಒಲ ಬುಟ್ಟು ನನ್ಗೂ ಸಾಕಾಯ್ತು. ವರ್ಷತೊಡಕಿನ್ ದಿನ ಗೆದ್ರೋ, ಒಲ ನಿಮ್ದು. ಸೋತ್ರೋ, ಅವತ್ತೇ ಅಲ್ಲೇ ಒನ್ನಾರು ಕಟ್ತೀನಿ. ಆಮೇಲೆ ರಾಗಿನೇಯ." ಹೊನ್ನಾರೆಂದರೆ ಹೊಸ ವರ್ಷದ ಮೊದಲ ಉಳುಮೆ. ಎತ್ತಿನ ಕೊಂಬಿಗೆ ಬಣ್ಣ ಬಳಿದು, ನೇಗಿಲಿಗೆ ಪೂಜೆ ಮಾಡಿ, ಹೊತ್ತು ಮುಳುಗುವುದರೊಳಗೆ ಒಂದು ಸಾಲಾದರೂ ಎಳೆಯಲೇಬೇಕು. ಇನ್ನು ಯುಗಾದಿಯ ಮಾರನೆಯ ದಿನವಾದ ವರ್ಷತೊಡಕಿನಂದು ಏನಾಗುತ್ತದೋ ವರ್ಷವಿಡೀ ಅದೇ ಆಗುತ್ತದೆಂದು ನಮ್ಮ ಕಡೆಯ ನಂಬಿಕೆ. ಅಂದು ಸೋತವರು ವರ್ಷವೆಲ್ಲ ಸೋತಂತೆಯೇ.

ಇಷ್ಟು ತಿಳಿದೂ ನಮ್ಮವರು ಮಾಡಿಕೊಂಡ ಎಡವಟ್ಟು ನಮ್ಮ ಸೀಮೆಯವರು ಮಾತ್ರ ಮಾಡಬಲ್ಲಂಥದ್ದು. ವರ್ಷತೊಡಕಿನ ದಿನ ಬಾಡೂಟ ಉಣ್ಣದವನು ಮನುಷ್ಯನೇ ಅಲ್ಲ. ಆ ಬೆಳಿಗ್ಗೆ ಕುರಿ ಕುಯ್ದವರು ರಹೀಮನ ತಂದೆ. ಊರಿನ ಸಾಬರು ಕುಯ್ದರೆ ಎಲ್ಲ ಮನೆಯವರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣಬಹುದೆಂಬ ವಾಡಿಕೆ. ಹಾಗೆಯೇ ಇಡೀ ಕ್ಲಬ್ಬು ನಮ್ಮ ನಡುಮನೆಯಲ್ಲಿ ಸಾಲಾಗಿ ಕುಳಿತಿತು. ಅಜ್ಜಿ ಮುದ್ದೆಯ ಮೇಲೆ ಮುದ್ದೆ ಇಟ್ಟಳು. "ಸಾಕು ಕಣವ್ವ, ಓಡ್ಬೇಕು" ಎಂದ ರಹೀಮ. "ಉಂಡೋನು ಓಡ್ದೆ ಉಪಾಸ ಇರೋನು ಓಡ್ತಾನೇನ್ಲಾ?" ಎಂದು ಅವಳು ಸೌಟು ಬಗ್ಗಿಸಿದಳು. ಎಡತೊರೆಯವರು ಬಲು ಜಾಣರು. ಛತ್ರದಲ್ಲಿ ಮಜ್ಜಿಗೆ ಕುಡಿದು ಬಂದಿದ್ದರು.

ಆಟ ಶುರುವಾಯಿತು ಅನ್ನುವುದಕ್ಕಿಂತ ನಮ್ಮವರ ತೇಗು ಶುರುವಾಯಿತು ಅನ್ನಬೇಕು. ನಾನು ಅಜ್ಜಿಯ ಜೊತೆ ಗಾಡಿಯ ಮೇಲೆ ಕುಳಿತು ನೋಡುತ್ತಿದ್ದೆ. ಎಡತೊರೆಯವರು ಗಾಳಿಯ ಹಾಗೆ ಸುಳಿದರೆ ನಮ್ಮವರು ಸೊಂಟ ಹಿಡಿದುಕೊಂಡು ಹಿಂದೆ ಹಿಂದೆ. ಒಂದು ಗೋಲಾಯಿತು, ಅರ್ಧ ಆಟ ಮುಗಿಯುವ ಮೊದಲೇ ಇನ್ನೊಂದಾಯಿತು. ಸುಣ್ಣದ ಗೆರೆಯ ಆಚೆ ತಾತ ನೊಗ ಹೂಡಿದ ಎತ್ತುಗಳ ಹಗ್ಗ ಹಿಡಿದು ನಿಂತಿದ್ದರು. ಬಣ್ಣದ ಕೊಂಬು, ಅರಿಸಿನ ಬಳಿದ ನೇಗಿಲು. ಚಿಕ್ಕಪ್ಪ ಎತ್ತ ಓಡಿದರೂ ಅವನ ಕಣ್ಣು ಆ ನೇಗಿಲಿಗೇ ಹೋಗುತ್ತಿತ್ತು. ಹೊತ್ತು ಇಳಿಯುತ್ತ ಬಂದಾಗ ಎಡತೊರೆಯವರ ನಾಯಕ, ದಪ್ಪ ಮೀಸೆಯ ಆಸಾಮಿ, ಗೆರೆಯ ಹತ್ತಿರ ಬಂದವನು ನಗುತ್ತ ಕೂಗಿದ: "ಗೌಡ್ರೇ, ಇನ್ನೇನ್ ಕಾಯ್ತೀರಿ, ನೇಗ್ಲು ಇಳ್ಸಿ! ನಾವೂ ಒಂದ್ ಸಾಲು ನೋಡ್ಕಂಡು ಹೋಗ್ತೀವಿ."

ತಾತನ ಕಿವಿ ಕೆಂಪಾಯಿತು. "ನನ್ನೊಲ್ದಾಗ್ ನಿಂತ್ಕಂಡು ನನ್ಗೇ ಉಳೋ ಹೊತ್ತು ಏಳೋಕೆ ನೀನ್ಯಾವನ್ಲಾ?" ಎಂದರು. ಮರುಕ್ಷಣವೇ ಮಗನ ಕಡೆ ತಿರುಗಿ, ಇಡೀ ಹೊಲ ಕೇಳುವ ಹಾಗೆ, "ಲೇ ಮಾದಾ, ತಿಂದ ಮುದ್ದೆಗಾದ್ರೂ ಮರ್ವಾದೆ ಕೊಡ್ಲಾ!" ಎಂದು ಗುಡುಗಿದರು. ಜನವೆಲ್ಲ ನಕ್ಕಿತು. ಚಿಕ್ಕಪ್ಪ ನಗಲಿಲ್ಲ. ಮುದ್ದೆಯೂ ಅಷ್ಟು ಹೊತ್ತಿಗೆ ಕರಗಿತ್ತೆಂದು ಕಾಣುತ್ತದೆ. ಬೆಳಗಿನಿಂದ ಮಜ್ಜಿಗೆಯ ಮೇಲೆಯೇ ಇದ್ದ ಎಡತೊರೆಯವರ ಕಾಲುಗಳು ಸೋಲತೊಡಗಿದ್ದವು. ರಹೀಮ ಬಲಗೆರೆಯ ಗುಂಟ ಓಡಿದ. ಗೆರೆಗೆ ಎಷ್ಟು ಹತ್ತಿರ ಓಡಿದನೆಂದರೆ ಎತ್ತು ಬೆದರಿ, ಅವನಪ್ಪನೇ ಹೊಲಿದ ಕೊರಳಪಟ್ಟಿಯ ಗೆಜ್ಜೆಯೆಲ್ಲ ಘಲ್ಲೆಂದಿತು. ಅವನು ತಳ್ಳಿದ ಚೆಂಡನ್ನು ಚಿಕ್ಕಪ್ಪ ಬಿದಿರ ಕಂಬಗಳ ನಡುವೆ ಬಾರಿಸಿದ. ಗೋಲು ಬಿದ್ದ ಮೇಲೆ ನಡುಗೆರೆಯಲ್ಲಿ ಬುಲ್ಲಿ. ಇಬ್ಬರು ಎದುರುಬದುರು ಬಾಗಿ, ಕೋಲನ್ನು ನೆಲಕ್ಕೊಮ್ಮೆ, ಎದುರಾಳಿಯ ಕೋಲಿಗೊಮ್ಮೆ, ಹೀಗೆ ಮೂರು ಸಲ ತಾಕಿಸಿ ಆಮೇಲೆ ಚೆಂಡಿಗೆ ಹೊಡೆಯಬೇಕು. ಟಕ್ ಟಕ್ ಎಂಬ ಆ ಸದ್ದಿಗೆ ಊರೇ ಉಸಿರು ಹಿಡಿಯಿತು. ಚೆಂಡು ಚಿಕ್ಕಪ್ಪನದಾಯಿತು, ಅವನು ಕೊಟ್ಟ, ರಹೀಮ ಹೊಡೆದ, ಆಟ ಸಮವಾಯಿತು.

"ಗೆದ್ರೆ ಅಂದಿದ್ದೆ ಕಣ್ರಲಾ, ಸಮ ಅಂದಿರ್ನಿಲ್ಲ" ಎಂದರು ತಾತ. ಆದರೆ ಹಗ್ಗ ಹಿಡಿದುಕೊಂಡೇ ಗೆರೆಯ ತೀರ ಅಂಚಿಗೆ ಬಂದು ನಿಂತರು. ಸೀಟಿ ಊದಲು ನಿಂತಿದ್ದ ಸ್ಕೂಲಿನ ಮೇಷ್ಟ್ರು ಜೇಬಿನ ಗಡಿಯಾರ ತೆಗೆದರು. ಆಗಲೇ ರಹೀಮ ದೂರದಿಂದ ಬೀಸಿದ ಚೆಂಡು ಎಡತೊರೆಯ ಗೋಲು ಕಾಯುವವನ ಕಾಲಿಗೆ ಬಡಿದು ಹಿಂದೆ ಚಿಮ್ಮಿತು. ಮುನ್ನುಗ್ಗುತ್ತಿದ್ದ ಚಿಕ್ಕಪ್ಪ ಎಡವಿ ಮುಗ್ಗರಿಸಿದ. ಅಜ್ಜಿ "ಅಯ್ಯೋ ನನ್ ಕಂದಾ" ಎಂದಳು. ಬಿದ್ದಲ್ಲಿಂದಲೇ, ಎದೆ ನೆಲಕ್ಕೆ ತಾಗಿರುವಾಗಲೇ, ಅವನು ಒಂದೇ ಕೈಯಲ್ಲಿ ಕೋಲು ಬೀಸಿದ. ಚೆಂಡು ಧೂಳೆಬ್ಬಿಸುತ್ತ ಗೆರೆ ದಾಟಿತು. ಸೀಟಿ ಯಾವಾಗ ಊದಿದರೋ ಯಾರಿಗೂ ಕೇಳಲಿಲ್ಲ. ಎಲ್ಲರಿಗಿಂತ ಮೊದಲು ಕೂಗಿದವರು, ರುಮಾಲನ್ನು ಆಕಾಶಕ್ಕೆಸೆದವರು, ಹೊಲ ಕಳೆದುಕೊಂಡ ನಮ್ಮ ತಾತ!

ಕೂಗಾಟ ಇಳಿದ ಮೇಲೆ ಎಲ್ಲರಿಗೂ ಎತ್ತುಗಳ ನೆನಪಾಯಿತು. ಹೊತ್ತು ಮುಳುಗುವುದರಲ್ಲಿತ್ತು. ಪೂಜೆಯಾದ ನೇಗಿಲನ್ನು ಸಾಲೆಳೆಯದೆ ಮನೆಗೆ ಒಯ್ಯುವಂತಿಲ್ಲ. ಕೊಟ್ಟ ಮಾತಿನ ಹೊಲವನ್ನು ಉಳುವಂತಿಲ್ಲ. ಮೈಯೆಲ್ಲ ಧೂಳಾಗಿದ್ದ ಚಿಕ್ಕಪ್ಪ ಬಂದು, "ಅಪ್ಪಾ, ಉಳು ಬುಡು. ನಿನ್ನೊಲ ತಾನೆ" ಎಂದ. ತಾತ ಎತ್ತುಗಳನ್ನು ತಿರುಗಿಸಿ, ಸುಣ್ಣದ ಗೆರೆಯ ಮೇಲೆಯೇ ನೇಗಿಲೂರಿ, ಆ ತುದಿಯಿಂದ ಈ ತುದಿಗೆ ಒಂದೇ ಒಂದು ಸಾಲು ಎಳೆದರು. ನೂಲು ಹಿಡಿದಂತೆ ನೆಟ್ಟಗಿತ್ತು. "ಆಚೆ ನಂದು, ಈಚೆ ನಿಮ್ದು" ಎಂದರು. ಆ ಮೀಸೆಯ ನಾಯಕನೂ ಹಿಂದೆ ಹಿಂದೆ ನಡೆದು ಬಂದು, ಬಗ್ಗಿ, ಸಾಲಿನ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ.

ಆ ಗೆಲುವನ್ನು ಕಂಡವರಲ್ಲಿ ಈಗ ಉಳಿದವಳು ನಾನೊಬ್ಬಳೇ ಇರಬೇಕು. ತಾತ, ಅಜ್ಜಿ ಹೋದರು. ರಹೀಮ ಹೋದ, ಅವನ ಹಿಂದೆಯೇ ಚಿಕ್ಕಪ್ಪನೂ ಹೋದ. ಕ್ಲಬ್ಬಿನವರು ಒಬ್ಬೊಬ್ಬರಾಗಿ ಕರಗಿದರು. ಹುಡುಗರಿಗೆ ಬೇರೆ ಆಟಗಳು ಬಂದವು. ಆಡುವ ನೆಲದಲ್ಲಿ ಮೊಣಕಾಲೆತ್ತರ ಹುಲ್ಲು ಬೆಳೆಯಿತು. ಅದನ್ನು ಉಳಬೇಡ ಅನ್ನುವವರು ಯಾರೂ ಇರಲಿಲ್ಲ. ಆದರೂ ನಮ್ಮಪ್ಪ, ಬದುಕಿರುವವರೆಗೆ, ಉಳುತ್ತ ಉಳುತ್ತ ಆ ಸಾಲಿದ್ದ ಜಾಗಕ್ಕೆ ಬಂದೊಡನೆ ಎತ್ತುಗಳನ್ನು ತಿರುಗಿಸಿಬಿಡುತ್ತಿದ್ದರು. ಒಮ್ಮೆ ಯಾಕೆಂದು ಕೇಳಿದೆ. ನೇಗಿಲಿಗೆ ಅಂಟಿದ ಮಣ್ಣು ಒರೆಸುತ್ತ, ತಲೆ ಎತ್ತದೆ ಹೇಳಿದರು: "ಅದು ಅವ್ರದ್ದು ಕಣವ್ವ."