ಮಗ್ಗದ ಮಗ್ಗುಲಲ್ಲಿ ಇಂಗ್ಲಿಷ್

ಇಳಕಲ್ಲಿನ ನೇಕಾರರ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸುಮಕ್ಕ ಕಂದೀಲನ್ನು ಪಕ್ಕಕ್ಕಿಟ್ಟುಕೊಂಡು ಸೀರೆಯ ಒಡಲಿಗೆ ಸೆರಗು ಕೂಡಿಸುತ್ತಿದ್ದಾರೆ. ಒಡಲಿನದು ಕಪ್ಪು ನೂಲು, ಸೆರಗಿನದು ಕೆಂಪು ರೇಷ್ಮೆ. ಈ ಕಡೆಯ ಒಂದೊಂದು ಎಳೆಗೂ ಆ ಕಡೆಯ ಒಂದೊಂದು ಎಳೆ ಕೊಂಡಿಯಾಗಿ ಸಿಕ್ಕಿಕೊಳ್ಳಬೇಕು. ಬೆರಳು ಆ ಕೆಲಸದಲ್ಲಿವೆ, ಬಾಯಿ ಇಂಗ್ಲಿಷ್ ಹೇಳುತ್ತಿದೆ. ಸುತ್ತ ಕುಳಿತ ಹುಡುಗಿಯರೆಲ್ಲ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಬಿದ್ದವರು.

“‘ಶಿ ಲೈಕ್ಸ್ ಕುಕಿಂಗ್, ವೀವಿಂಗ್ ಆ್ಯಂಡ್ ಟು ಸಿಂಗ್.’ ಎಲ್ಲಿ ಕೊಂಡಿ ಬಿಟ್ಟೈತಿ, ಹೇಳ್ರಿ?”

“ಟು ಸಿಂಗ್ ಅಂಬಲ್ಲಿ, ಅಕ್ಕಾರ. ಸಿಂಗಿಂಗ್ ಆಗಬೇಕು.”

“ಹಾಂ. ಬಣ್ಣ ಕೆಂಪರ ಇರಲಿ, ಕಪ್ಪರ ಇರಲಿ. ಕೊಂಡಿ ಮಾತ್ರ ಒಂದ ನಮೂನಿ ಇರಬೇಕು. ‘ಆ್ಯಂಡ್’ ಅಂದ್ರ ಸೆರಗು ಕೂಡೂ ಜಾಗಾ ಅಂತ ತಿಳೀರಿ.”

“ನಿನ್ನ ಆ್ಯಂಡ್ ಮುಗೀತೇನವಾ? ನನ್ನ ಮಗ್ಗ ಕಾಯಾಕ ಹತ್ತೈತಿ,” ಎಂದು ಒಳಗಿನಿಂದ ಮಾವ ಅಮೀನಪ್ಪನವರ ದನಿ. ಅವರು ಬಂದು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟರೆಂದರೆ ಪಾಠ ಮುಗಿಯಿತು. ಇದು ಮನೆಯ ಕಟ್ಟಳೆ. ಆಮೇಲೆ ಕೇಳಿಸುವುದಾದರೂ ಏನು? ಕರೆಂಟ್ ಬರುತ್ತಲೇ ಅಕ್ಕಪಕ್ಕದ ಪವರ್‌ಲೂಮ್‌ಗಳು ಶುರುವಾಗುತ್ತವೆ. ಎದುರಿಗೆ ಕುಳಿತವರ ಮಾತೂ ಕಿವಿಗೆ ಬೀಳುವುದಿಲ್ಲ.

ಸುಮಕ್ಕ ಗುಳೇದಗುಡ್ಡದ ರವಿಕೆಯ ಖಣ ನೇಯುವ ಮನೆಯ ಮಗಳು. ಪಿಯುಸಿ ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದರು. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಪಕ್ಕದ ಮನೆಯ ಹುಡುಗಿಯೊಬ್ಬಳು ಫೇಲಾಗಿ ಕಟ್ಟೆಯ ಮೇಲೆ ಅಳುತ್ತ ಕುಳಿತಿದ್ದಳು. “ಅಳೂದ ಬಿಡು, ಪುಸ್ತಕ ತಗೊಂಡ ಬಾ” ಎಂದದ್ದೇ ಈ ಶಾಲೆಯ ಆರಂಭ. ಐದು ವರ್ಷವಾಯಿತು. ಬೋರ್ಡಿಲ್ಲ, ಗಂಟೆಯಿಲ್ಲ. ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಹುಡುಗಿಯರಿಗೆ ಕೊಂಡಿಯ ಮಾತು ಹೇಳಿದರೆ ಸಾಕು, ವಾಕ್ಯದ ತಪ್ಪು ತಾನಾಗಿ ಕಣ್ಣಿಗೆ ಹೊಡೆಯುತ್ತದೆ.

ಹೋದ ವರ್ಷ ಮಾತ್ರ ಅದು ನಡೆಯಲಿಲ್ಲ.

ಗುಡೂರಿನಿಂದ ಮೊದಲ ಬಸ್ಸಿಗೆ ಲಲಿತಾ ಬರತೊಡಗಿದ್ದಳು. ಬೀರಪ್ಪ ದೇವರ ಒಕ್ಕಲಿನ ಕುರಿಗಾರರ ಮನೆಯ ಹುಡುಗಿ. ನರ್ಸ್ ಆಗಬೇಕೆಂಬುದು ಅವಳ ಹಂಬಲ. ಇಂಗ್ಲಿಷ್ ಪಾಸಾಗದೆ ತರಬೇತಿಗೆ ಸೇರಿಸಿಕೊಳ್ಳುವುದಿಲ್ಲ. ತಂದೆ ಅಮಸಿದ್ದಪ್ಪ ಒಂದೇ ಮಾತು ಹೇಳಿದ್ದ: “ಈ ಸಲ ಬಿದ್ದಿ ಅಂದ್ರ, ಬಂದ ವರಕ್ಕ ಹೂಂ ಅಂತೇನಿ.” ಪರೀಕ್ಷೆ ಹತ್ತಿರ ಬಂದರೂ ಲಲಿತಾ ಬರೆದದ್ದು ಹೀಗೆ: ‘ಮೈ ಫಾದರ್ ಕೀಪ್ಸ್ ಶೀಪ್, ಕಟ್ಸ್ ವೂಲ್ ಆ್ಯಂಡ್ ವೀವಿಂಗ್ ಬ್ಲ್ಯಾಂಕೆಟ್ಸ್.’

“ಕೊಂಡಿ ನೋಡವಾ, ಕೊಂಡಿ!” ಎಂದರು ಸುಮಕ್ಕ.

“ಅಕ್ಕಾರ, ನನಗ ನಿಮ್ಮ ಕೊಂಡಿ ಕಾಣಂಗಿಲ್ರಿ. ನಮ್ಮನ್ಯಾಗ ಇರೂವು ಕುರಿ.”

ಹುಡುಗಿಯರು ಗೊಳ್ಳೆಂದು ನಕ್ಕರು. ಸುಮಕ್ಕನಿಗೆ ನಗು ಬರಲಿಲ್ಲ. ಈ ಹುಡುಗಿ ಬಿದ್ದರೆ ತಾನು ಬಿದ್ದಂತೆಯೇ ಎನಿಸಿತು. “ಕುರಿ ಬಿಟ್ಟು ಮತ್ತೇನೈತವಾ ನಿಮ್ಮನ್ಯಾಗ?” ಎಂದು ಕೇಳಿದರು.

“ಡೊಳ್ಳೈತ್ರಿ. ಅಪ್ಪ ಬಾರಸ್ತಾನ. ಅವ್ವ ಪದಾ ಅಂತಾಳ, ನಾ ಹಿಂದ ಅಂತೇನಿ.”

“ಹಂಗಾರ ಒಂದ ಪದಾ ಅನ್ನು.”

ಲಲಿತಾ ತಲೆಯ ಮೇಲೆ ಸೆರಗೆಳೆದುಕೊಂಡು, ಅಂಗೈಯಿಂದ ನೆಲ ತಟ್ಟುತ್ತ ಪದ ಎತ್ತಿಕೊಂಡಳು: “ಕುರಿಯ ಕಾಯ್ದಾನೊ ಬೀರಣ್ಣ, ಕಂಬಳಿ ಹೊದ್ದಾನೊ, ಕರೆದಲ್ಲಿ ಬಂದಾನೊ...” ಮಗ್ಗಕ್ಕೆ ಬರುತ್ತಿದ್ದ ಅಮೀನಪ್ಪನವರು ಹೊಸ್ತಿಲಲ್ಲೇ ಕೈಮುಗಿದು ನಿಂತುಬಿಟ್ಟರು. ದೇವರ ಹೆಸರು ನಡೆಯುವಾಗ ಅವರು ಲಾಳಿ ಮುಟ್ಟುವವರಲ್ಲ.

ಪದ ಮುಗಿಯಿತು. “ಕೈ ನಿಲ್ಲಸಬ್ಯಾಡ. ಅದ ಪೆಟ್ಟಿನ ಮ್ಯಾಲ ನಿನ್ನ ಇಂಗ್ಲಿಷ್ ಅನ್ನು,” ಎಂದರು ಸುಮಕ್ಕ.

“ಕೀಪ್ಸ್ ಶೀಪ್... ಕಟ್ಸ್ ವೂಲ್... ವೀವಿಂಗ್...” ಕೈ ಗಾಳಿಯಲ್ಲೇ ನಿಂತಿತು. ಲಲಿತಾಳ ಕಣ್ಣು ಅರಳಿದವು. “ಅಯ್ಯ! ಇಲ್ಲಿ ಹೆಜ್ಜಿ ತಪ್ಪೈತಲ್ರಿ ಅಕ್ಕಾರ! ವೀವ್ಸ್... ವೀವ್ಸ್ ಬ್ಲ್ಯಾಂಕೆಟ್ಸ್!”

ಅಂದಿನಿಂದ ಇಲ್ಲಿನ ಪಾಠದ ರೀತಿಯೇ ಬದಲಾಗಿದೆ. ಬರೆಯುವ ಮೊದಲು ಎಲ್ಲರೂ ನೆಲ ತಟ್ಟಿ ಹೇಳಬೇಕು. “ಕಣ್ಣಿಗೆ ತಿಳಿಯೂವ್ರಿಗೆ ಕೊಂಡಿ, ಕಿವಿಗೆ ತಿಳಿಯೂವ್ರಿಗೆ ಡೊಳ್ಳು. ನಾ ಮೊದಲ ಒಂದ ಕಡೆ ಅಷ್ಟ ನೋಡ್ತಿದ್ದೆ ನೋಡ್ರಿ,” ಎನ್ನುತ್ತಾರೆ ಸುಮಕ್ಕ.

ಲಲಿತಾ ಪಾಸಾದಳು. ಈಗ ಬಾಗಲಕೋಟೆಯಲ್ಲಿ ನರ್ಸ್ ತರಬೇತಿಯಲ್ಲಿದ್ದಾಳೆ. ಫಲಿತಾಂಶ ಬಂದ ದಿನ ಅಮಸಿದ್ದಪ್ಪ ತಾನೇ ನೇಯ್ದ ಕರಿ ಕಂಬಳಿಯನ್ನು ಹೆಗಲ ಮೇಲೆ ಹೊತ್ತು ತಂದು, ಮಗ್ಗದ ಮುಂದೆ ಹಾಸಿ ಹೋದ. ವರನ ಮಾತು ಎತ್ತಲಿಲ್ಲ. ಹುಡುಗಿಯರು ಕುಳಿತುಕೊಳ್ಳುವುದು ಈಗ ಆ ಕಂಬಳಿಯ ಮೇಲೆಯೇ.

ಇವತ್ತು ಲಲಿತಾ ರಜೆಗೆ ಬಂದಿದ್ದಾಳೆ, ಹಿಂದಿನ ಸಾಲಿನಲ್ಲಿದ್ದಾಳೆ. ಹೊಸ ಹುಡುಗಿಯೊಬ್ಬಳು ವಾಕ್ಯದ ನಡುವೆ ತಡವರಿಸುತ್ತಾಳೆ. ಲಲಿತಾ ಉತ್ತರ ಹೇಳಿಕೊಡುವುದಿಲ್ಲ. ಸುಮ್ಮನೆ ನೆಲ ತಟ್ಟುತ್ತಾಳೆ. ಅಮೀನಪ್ಪನವರು ಆಗಲೇ ಕುಣಿಗಿಳಿದಿದ್ದಾರೆ, ಲಾಳಿ ಕೈಯಲ್ಲಿದೆ, ಆದರೆ ಎಸೆದಿಲ್ಲ.

“ಮಾವಾರ, ಹೊತ್ತಾತು. ಮುಗಸ್ತೇನ್ರಿ.”

“ಅನ್ನಲಿ ಬಿಡವಾ, ಪೂರಾ ಅನ್ನಲಿ. ಮಗ್ಗೇನ ಓಡಿ ಹೋಗತೈತಿ?”

ಸುಮಕ್ಕ ಮತ್ತೆ ಕೆಂಪೆಳೆಯೊಂದನ್ನು ಎತ್ತಿಕೊಳ್ಳುತ್ತಾರೆ. “ನಾ ಹಾಕಿದ ಕೊಂಡಿ ಸೆರಗಿನ ಮಟಾ ಅಷ್ಟ ಹೋಗತಿದ್ವು,” ಎಂದು ಲಲಿತಾಳ ಕಡೆ ಒಮ್ಮೆ ನೋಡಿ ನಗುತ್ತಾರೆ. “ಈಗ ಒಂದ ಕೊಂಡಿ ಬಾಗಲಕೋಟಿ ದವಾಖಾನಿ ಮಟಾ ಹೋಗೈತ್ರಿ.”