ಬಾರದವರ ಪಟ್ಟಿಯಲ್ಲಿ ಅತ್ತೆ

ಬೆಳಿಗ್ಗೆ ದೋಸೆ ಹೊಯ್ದೆ. ದನದ ಹಟ್ಟಿ ಗುಡಿಸಿದೆ. ಎರಡು ಬಿಳಿ ಸೀರೆ ಒಗೆದು ನೀಲಿ ಹಾಕಿದೆ. ಉಪಕೇಂದ್ರಕ್ಕೆ ಹೋಗಿ ಸಿರಿಂಜು ಕುದಿಸಿಟ್ಟೆ, ಒಂದು ಶಿಶುವನ್ನು ತೂಗಿದೆ, ಹನ್ನೊಂದು ಮನೆ ನಡೆದೆ. ಮಧ್ಯಾಹ್ನ ಮನೆಗೆ ಬಂದು ಫಾರಂ ತುಂಬಿಸಲು ಕೂತೆ.

ಎಂಬತ್ತರ ದಶಕದ ಸುರು. ನಾನು ಕಡಬದ ಹತ್ತಿರ ನರ್ಸ್. ಹಿಂದಿನ ವಾರ ಶಾಲೆಯ ಜಗಲಿಯಲ್ಲಿ ಬಾಯಿ ಪರೀಕ್ಷೆಯ ಶಿಬಿರ ನಡೆದಿತ್ತು. ಹೊಗೆಸೊಪ್ಪು ಹಾಕಿ ಎಲೆ ತಿನ್ನುವವರ ಬಾಯಲ್ಲಿ ಕ್ಯಾನ್ಸರಿನ ಗುರುತು ಇದ್ದರೆ ಮೊದಲೇ ಹಿಡಿಯಬೇಕು ಎಂದು ಪುತ್ತೂರಿನಿಂದ ಡಾಕ್ಟರು ಬಂದಿದ್ದರು. ಜನ ಬೇಕಾದಷ್ಟು ಸೇರಿದರು. ಆದರೆ ಸಂಜೆ ಪಟ್ಟಿ ನೋಡಿದರೆ, ಬಂದವರಲ್ಲಿ ಹೆಚ್ಚಿನವರು ಎಲೆ ಮುಟ್ಟದವರು! ರಬ್ಬರ್ ತೋಟದ ಒಬ್ಬ ಹೆಂಗಸಂತೂ, "ಡಾಕ್ಟ್ರೇ, ನನ್ನ ಹಲ್ಲು ಎಷ್ಟು ಬೆಳ್ಳಗುಂಟು ನೋಡಿ" ಎಂದು ತೋರಿಸಿ ಹೋಗಿದ್ದರು.

ಡಾಕ್ಟರಿಗೆ ಹೇಳಿದೆ. ಅವರು ಒಂದು ಫಾರಂ ಕೊಟ್ಟರು. ಎಲೆ ತಿನ್ನುವವರಲ್ಲಿ ಬಾರದವರ ಮನೆಗೆ ಹೋಗಿ ಕಾರಣ ಕೇಳಬೇಕು. ದೂರ, ಕೆಲಸ, ಹೆದರಿಕೆ, ಗೊತ್ತಿರಲಿಲ್ಲ ಎಂದು ನಾಲ್ಕು ಅಂಕಣ. "ಪುರುಸೊತ್ತು ಎಲ್ಲುಂಟು ಮಾರಾಯ್ತಿ?" ಎಂದು ಒಬ್ಬರು ಆರಾಮಕುರ್ಚಿಯಲ್ಲಿ ಮಲಗಿದಲ್ಲಿಂದಲೇ ಹೇಳಿದರು. ನಾನು ಕೆಲಸದ ಕೆಳಗೆ ಗೀಟು ಹಾಕಿದೆ.

ಪಟ್ಟಿಯ ಕೊನೆಯ ಹೆಸರು ಹೊಗೆಸೊಪ್ಪು ಬಿಡದ ನಮ್ಮ ಅತ್ತೆಯದು. ಶಾಲೆ ನಮ್ಮ ಗುಡ್ಡದ ಕೆಳಗೇ. ಶಿಬಿರದ ವಿಷಯ ನಾನೇ ಮೂರು ಸಲ ಹೇಳಿದ್ದೆ.

ಅತ್ತೆ ಆಗ ಎದುರಲ್ಲೇ ಕೂತು ಗಂಜಿ ಉಣ್ಣುತ್ತಿದ್ದರು. ಚಟ್ನಿಯನ್ನು ಬಟ್ಟಲ ಅಂಚಿಗೆ ಸರಿಸಿಟ್ಟಿದ್ದರು. ಹದಿನೈದು ದಿನದಿಂದ ಹೀಗೇ. ನನ್ನ ಕೈಯ ರುಚಿ ಹಿಡಿಸುತ್ತಿಲ್ಲವೆಂದು ನಾನು ಒಂದು ದಿನ ಹುಳಿ ಹೆಚ್ಚು ಹಾಕಿದೆ, ಒಂದು ದಿನ ಬೆಳ್ಳುಳ್ಳಿ. ಯಾಕೆಂದು ಕೇಳಿರಲಿಲ್ಲ. ಅವತ್ತು ಪೆನ್ಸಿಲು ಕೆಳಗಿಟ್ಟೆ.

"ಅತ್ತೆ, ಶಿಬಿರಕ್ಕೆ ಯಾಕೆ ಬರಲಿಲ್ಲ ನೀವು?"

"ಕೆಲಸ ಇತ್ತು ಅಂತ ಬರಿ."

"ಎಂತ ಕೆಲಸ? ಇಡೀ ದಿನ ಬೆಕ್ಕಿನೊಟ್ಟಿಗೆ ಮಾತಾಡಿದ್ದು."

"ಮತ್ತೆ? ನೀನು ಮಾತಾಡ್ತೀಯಾ ಅದರೊಟ್ಟಿಗೆ?"

"ಖಾರ ತಾಗಿದರೆ ಬಾಯಿ ಉರೀತದಾ?"

ಅತ್ತೆ ಗಂಜಿತಿಳಿ ಪೂರ್ತಿ ಕುಡಿದು ಬಟ್ಟಲು ಕೆಳಗಿಟ್ಟರು. "ಊರಿಗೆಲ್ಲ ಬುದ್ಧಿ ಹೇಳುವ ನರ್ಸಿನ ಮನೆಯಲ್ಲೇ ಅತ್ತೆಯ ಬಾಯಿ ಹುಣ್ಣಾಗಿದೆ ಅಂತ ಆ ಬೆಂಚಿನಲ್ಲಿ ಕೂತು ತೋರಿಸಬೇಕಾ? ನಾಳೆಯಿಂದ ನಿನ್ನ ಮಾತು ಯಾರು ಕೇಳ್ತಾರೆ?"

ಆ ಬೆಂಚನ್ನು ಜಗಲಿಯ ನಡುವಿಗೆ ಇಡಿಸಿದ್ದು ನಾನು. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಧೈರ್ಯ ಬರಲಿ ಎಂದು.

ಬಾಯಿ ಮುಕ್ಕಳಿಸಿ ಬನ್ನಿ ಎಂದೆ. ಮೆಟ್ಟಿಲ ಮೇಲೆ ಬಿಸಿಲಿಗೆ ಮುಖ ಮಾಡಿ ಕೂರಿಸಿದೆ. ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ, ಅದರ ನಡುವೆ ಹುಣಸೆಬೀಜದಷ್ಟು ಕೆಂಪು ಹುಣ್ಣು. ತರಬೇತಿಯಲ್ಲಿ ತೋರಿಸಿದ್ದ ಚಿತ್ರ ಹೀಗೆಯೇ ಇತ್ತು. ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿ ಮತ್ತೊಮ್ಮೆ ನೋಡಿದೆ.

"ಬಾಯಿ ಮುಚ್ಚಬಹುದಾ, ಅಲ್ಲ ನೊಣ ಹೋಗುವವರೆಗೆ ಹೀಗೇ ಕೂರಬೇಕಾ?"

"ನಾಳೆ ಪುತ್ತೂರಿಗೆ ಹೋಗುವ, ಅತ್ತೆ. ಅಲ್ಲಿ ಬಾಗಿಲು ಹಾಕಿ ನೋಡ್ತಾರೆ."

"ಬಸ್ಸಿನಲ್ಲಿ ಯಾರಾದ್ರೂ ಕೇಳಿದ್ರೆ?"

"ನನಗೆ ಹಲ್ಲುನೋವು ಅಂತ ಹೇಳುವ."

"ಹಾಗಾದ್ರೆ ಕೆನ್ನೆಗೆ ಕೈ ಕೊಟ್ಟು ಕೂತ್ಕೋ. ನಗಾಡಬೇಡ."

ಮುಂದೆ ಮಂಗಳೂರಿಗೆ ಹೋಗಿ ಆ ಹುಣ್ಣನ್ನು ಕೊಯ್ಸಿಕೊಂಡು ಬಂದು ಎಷ್ಟೋ ವರ್ಷವಾದ ಮೇಲೂ ಅತ್ತೆ ಆ ತಿರುಗಾಟಕ್ಕೆ ಸೊಸೆಯ ಹಲ್ಲುನೋವು ಎಂದೇ ಹೇಳುತ್ತಿದ್ದರು.

ಅವತ್ತು ಮಧ್ಯಾಹ್ನವೇ ಫಾರಮಿನಲ್ಲಿ ಸ್ಕೇಲು ಇಟ್ಟು ಐದನೆಯ ಅಂಕಣ ಎಳೆದೆ. 'ನಾಲ್ಕು ಜನರ ಎದುರು ಬಾಯಿ ತೆರೆಯಲು ಮನಸ್ಸಿಲ್ಲ' ಎಂದು ಬರೆದು ಅತ್ತೆಯ ಹೆಸರಿನ ಮುಂದೆ ಗೀಟು ಹಾಕಿದೆ. ಉಳಿದ ಹನ್ನೊಂದು ಗೀಟುಗಳನ್ನು ರಬ್ಬರಿನಿಂದ ಉಜ್ಜಿದೆ. ಆ ಮನೆಗಳಿಗೆ ಇನ್ನೊಮ್ಮೆ ಹೋಗಬೇಕು, ಜಗಲಿಯಲ್ಲಿ ನಿಂತು ಕೇಳುವುದಲ್ಲ, ಅಡಿಗೆಕೋಣೆಯವರೆಗೆ ಹೋಗಬೇಕು.

ರಾತ್ರಿಗೆ ಮೆತ್ತಗೆ ಬೇಯಿಸಿದ ಅನ್ನ, ಮಜ್ಜಿಗೆ, ಮೆಣಸು ಹಾಕದ ಸೋರೆಕಾಯಿ ಪಲ್ಯ. ಎಲ್ಲರಿಗೂ ಅದೇ. "ಇದೆಂತ, ಆಸ್ಪತ್ರೆ ಊಟವಾ?" ಎಂದರು ನನ್ನ ಗಂಡ. ಅತ್ತೆ ತಲೆ ತಗ್ಗಿಸಿ ಅನ್ನ ಕಲಸಿದರು, ನಾನು ಅವರಿಗೆ ಇನ್ನಷ್ಟು ಮಜ್ಜಿಗೆ ಬಡಿಸಿದೆ. ಗಂಡ ಮೊದಲು ಮಲಗಿ ನಿದ್ದೆ ಹೋದರು. ಅತ್ತೆ ಬಹಳ ಹೊತ್ತು ಮಗ್ಗುಲು ಬದಲಿಸುವುದು ಕೇಳಿಸುತ್ತಿತ್ತು.